ಇಬ್ಬಿಬ್ಬರು ಕೂರುವ ಗಾಡಿ

ದೊಡ್ಡ ಪಾರ್ಕಿಗೆ ಹೋಗುವುದೆಂದು ತೀರ್ಮಾನವಾದ ಮರುದಿನವೇ ಜೋಡಿನಂಗಡಿಯ ಯಜಮಾನನಿಗೆ ಒಂದು ಸಂಗತಿ ಹೊಳೆಯಿತು. ಅಲ್ಲಿನ ಒಂದು ಗಾಡಿಯೂ ತನ್ನ ಸಂಸಾರಕ್ಕೆ ಅಳತೆಯಾಗುವುದಿಲ್ಲ. ಆಕಾಶಕ್ಕೆ ಹತ್ತಿ ಬೀಳುವ ಗಾಡಿ, ಗುಹೆಯೊಳಗೆ ನುಗ್ಗುವ ಗಾಡಿ, ನೀರಿನ ಮೇಲೆ ಜಾರುವ ದೋಣಿ, ಎಲ್ಲದರಲ್ಲೂ ಸಾಲಿಗೆ ಎರಡೇ ಸೀಟು. ಗಿರಾಕಿಗಳಿಲ್ಲದ ಮಧ್ಯಾಹ್ನ ಫೋನಿನಲ್ಲಿ ಒಂದರ ಹಿಂದೊಂದು ವಿಡಿಯೋ ನೋಡುತ್ತ, ಕಿರುಚುವವರ ತೆರೆದ ಬಾಯಿಗಳನ್ನೆಲ್ಲ ಬಿಟ್ಟು ಆತ ಸೀಟುಗಳನ್ನು ಮಾತ್ರ ನೋಡಿದ್ದ. ಸಂಜೆ ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಹೇಳಿದ:

"ನಾವು ಬೆಸ ಆಗಿದ್ದೀವಿ."

"ಏನಾಗಿದ್ದೀವಿ?" ಎಂದರು ಅವನ ತಾಯಿ, ಟೀವಿಯ ಸದ್ದು ತಗ್ಗಿಸದೆ.

"ಬೆಸ ಅಮ್ಮಾ. ಐದು ಜನ. ಅಲ್ಲಿ ಇಬ್ಬಿಬ್ಬರೇ ಕೂರೋದು. ಒಬ್ಬರು ಉಳೀತಾರೆ."

"ಉಳಿದೋರು ಚೀಲ ಹಿಡ್ಕೊಂಡು ಕೆಳಗೆ ನಿಂತ್ಕೋತಾರೆ. ಅದಕ್ಕೆ ಯಾಕೆ ಊರು ಮುಳುಗಿದೋನ ಥರ ಬಂದು ನಿಂತಿದ್ದೀಯ?"

ಅದನ್ನು ಅಷ್ಟು ಹಗುರವಾಗಿ ತೆಗೆದುಕೊಳ್ಳುವುದು ಅವನಿಂದ ಆಗದ ಮಾತು. ಹುಟ್ಟಿದಾಗಿನಿಂದ ಅವನು ಕಂಡಿದ್ದು ಜೋಡಿಗಳನ್ನು. ಅಪ್ಪನ ಕಾಲದಿಂದ ನಡೆದು ಬಂದ ಅಂಗಡಿ. ಗಾಜಿನ ಹಿಂದೆ ತೋರಿಕೆಗೆಂದು ಎಡಗಾಲಿನದೊಂದನ್ನು ಇಟ್ಟರೆ ಅದರ ಬಲಗಾಲಿನದು ಎಲ್ಲಿ, ಯಾವ ಡಬ್ಬಿಯಲ್ಲಿ ಎನ್ನುವುದು ಅವನಿಗೆ ನಿದ್ದೆಯಲ್ಲೂ ಗೊತ್ತಿರುತ್ತಿತ್ತು. ಒಂಟಿ ಜೋಡು ಕಂಡರೆ ಅವನ ಮುಖ ಸಾವಿನ ಮನೆಗೆ ಹೋಗಿ ಬಂದವನ ಹಾಗಾಗುತ್ತಿತ್ತು. ಹೆಂಡತಿ ತೀರಿಕೊಂಡ ಮೇಲೆ ಎರಡು ವರ್ಷ ಅವನು ಹೇಗಿದ್ದ ಎಂದು ಯಾರೂ ಕೇಳಲಿಲ್ಲ. ಮೂರನೆಯ ವರ್ಷ ಮತ್ತೆ ಮದುವೆಯಾದಾಗ ಯಾರಿಗೂ ಆಶ್ಚರ್ಯವೂ ಆಗಲಿಲ್ಲ.

ಹಾಗೆ ಬಂದವಳನ್ನು ಅತ್ತೆ ಈಗಲೂ "ಹೊಸಬಳು" ಎನ್ನುತ್ತಿದ್ದರು. ಅವಳ ಜೊತೆಯಲ್ಲಿ ಬಂದ ಫ್ರಿಜ್ಜು ಹಳತಾಗಿ ಬಾಗಿಲ ರಬ್ಬರು ಸಡಿಲವಾಗಿತ್ತು, ಅವಳು ಮಾತ್ರ ಹೊಸಬಳೇ. ಊರಿನ ದೊಡ್ಡ ನಾಟಕದ ಹಾಲಿನಲ್ಲಿ ಟಿಕೆಟ್ ಕಿಟಕಿಯ ಹಿಂದೆ ಅವಳ ಕೆಲಸ. ದಿನವೆಲ್ಲ ಅವಳ ಕಿವಿಗೆ ಬೀಳುತ್ತಿದ್ದ ಮಾತು ಒಂದೇ: "ಪಕ್ಕಪಕ್ಕ ಕೊಡಿ." ಆ ಕೆಲಸದ ಗುಟ್ಟೂ ಒಂದೇ. ಸಾಲಿನ ನಡುವೆ ಒಂಟಿ ಕುರ್ಚಿ ಉಳಿಯಗೊಡಬಾರದು. ಉಳಿದರೆ ಅದನ್ನು ದೇವರು ಬಂದರೂ ಕೊಳ್ಳುವುದಿಲ್ಲ. ಆದ್ದರಿಂದ ಅವಳು ಕಿಟಕಿಯ ತೂತಿನಿಂದ ನಗುತ್ತ, "ಒಂದೇ ಒಂದು ಕುರ್ಚಿ ಆ ಕಡೆ ಸರೀತೀರಾ?" ಎಂದು ಕೇಳಿ ಕೇಳಿ, ಯಾರಿಗೂ ಗೊತ್ತಾಗದಂತೆ ಇಡೀ ಹಾಲನ್ನು ಒಂದೊಂದು ಕುರ್ಚಿ ಸರಿಸಿಬಿಡುತ್ತಿದ್ದಳು.

ಮನೆಯಲ್ಲಿ ಒಬ್ಬಳು ಮಾತ್ರ ಸರಿಯುತ್ತಿರಲಿಲ್ಲ. ಗಂಡನ ಮೊದಲ ಹೆಂಡತಿಯ ಮಗಳು. ಮೈಯಲ್ಲಿ ಕಡ್ಡಿ, ಮಾತಿನಲ್ಲಿ ಕಡ್ಡಿ ತುಂಡು ಮಾಡಿದ ಹಾಗೆ. ಎಲ್ಲರೂ ಕರೆಯುವುದೂ ಕಡ್ಡಿ ಎಂದೇ. ಹದಿಮೂರು ದಾಟಿದ ಆ ಹುಡುಗಿ ಹೊಸಬಳ ಜೊತೆ ಜಗಳವಾಡಲಿಲ್ಲ, ಎದುರು ಮಾತಾಡಲಿಲ್ಲ, ಹಾಕಿದ್ದು ಉಂಡಳು, ಹೇಳಿದ್ದು ಕೇಳಿದಳು. ಆದರೆ ಕರೆಯುವ ಅಗತ್ಯ ಬಿದ್ದಾಗ ಏನೆಂದೂ ಕರೆಯದೆ, ಎದ್ದು ಹತ್ತಿರ ಬಂದು ನಿಂತುಕೊಂಡು, ಇವಳು ತಿರುಗಿ ನೋಡುವವರೆಗೆ ಕಾಯುತ್ತಿದ್ದಳು. ಹೊಸಬಳು ಒಲೆಯ ಮುಂದಿದ್ದರೆ ಒಮ್ಮೊಮ್ಮೆ ಬೆನ್ನ ಹಿಂದೆ ಯಾರೋ ಎಷ್ಟು ಹೊತ್ತಿನಿಂದಲೋ ನಿಂತಿರುವುದು ತಿಳಿದು ಬೆಚ್ಚುತ್ತಿದ್ದಳು. ಅದಕ್ಕಿಂತ ಜಗಳವೇ ವಾಸಿಯಿತ್ತು.

ಪಾರ್ಕಿನ ಮಾತು ತೆಗೆದವನು ಹೊಸಬಳ ಮಗ. ಏಳು ವರ್ಷದ ಬುಗುರಿ. ಅವನ ಅಪ್ಪ ಬೇರೆ ಊರಿನಲ್ಲಿ ಬೇರೆ ಸಂಸಾರದಲ್ಲಿ ಸುಖವಾಗಿದ್ದ. ಮಗ ಈ ಮನೆಯಲ್ಲಿ ಹುಟ್ಟಿ ಬೆಳೆದವನಂತೆ ಅಜ್ಜಿಯ ತೊಡೆ, ಯಜಮಾನನ ಹೆಗಲು ಎರಡನ್ನೂ ಮೊದಲ ವಾರವೇ ವಶಪಡಿಸಿಕೊಂಡಿದ್ದ. ಬಸ್ ಸ್ಟಾಪಿನ ಎದುರಿನ ಜಾಹೀರಾತು ನೋಡಿ ಬಂದು ಅವನು ಕುಣಿದ. ಎಲ್ಲರೂ "ನೋಡೋಣ" ಎಂದರು. ಹೊಸಬಳು ಮಾತ್ರ ಅದನ್ನು ಬಿಡಲಿಲ್ಲ. ಅಲ್ಲಿಯೇ ಹೋಟೆಲು, ಅಲ್ಲಿಯೇ ಕೆರೆ, ಎರಡು ದಿನ, ಒಂದು ರಾತ್ರಿ ಎಂದು ಗಂಡನನ್ನು ಒಪ್ಪಿಸಿದಳು. ಅವಳಿಗೆ ಗಾಡಿಯೂ ಬೇಕಿರಲಿಲ್ಲ, ಕೆರೆಯೂ ಬೇಕಿರಲಿಲ್ಲ. ಕಡ್ಡಿ ತಾನಾಗಿ ಬಂದು ಒಂದು ಸಲ, ಒಂದೇ ಒಂದು ಸಲ, ತನ್ನ ಪಕ್ಕ ಕೂರಬೇಕಿತ್ತು. ಮನೆಯಲ್ಲಾದರೆ ನಡುವೆ ಯಾವಾಗಲೂ ಏನಾದರೊಂದು ಇರುತ್ತಿತ್ತು: ಮೇಜು, ಟೀವಿ, ಅಜ್ಜಿ. ಅಲ್ಲಿ ಇಬ್ಬರ ಮೇಲೂ ಒಂದೇ ಕಬ್ಬಿಣದ ಸರಳು ಬಂದು ಕೂರುತ್ತದೆ. ಹತ್ತುವವರೆಗೆ ಏನೋ, ಹತ್ತಿದ ಮೇಲೆ ಎದ್ದು ಹೋಗುವಂತಿಲ್ಲ. ಪಕ್ಕಪಕ್ಕ ಕೂತು ಹೊರಬಂದವರು ಒಳಗೆ ಹೋದ ಹಾಗೇ ಇರುವುದಿಲ್ಲ ಎನ್ನುವುದು ಅವಳು ಕಿಟಕಿಯ ಹಿಂದೆ ಕೂತು ಕಟ್ಟಿಕೊಂಡ ವೇದಾಂತ. ಅದಕ್ಕೆ ಆಧಾರವೇನೂ ಇರಲಿಲ್ಲ. ನಾಟಕ ಬಿಡುವ ಹೊತ್ತಿಗೆ ಅವಳು ಕಿಟಕಿ ಮುಚ್ಚಿ ಮನೆಗೆ ಬಂದಿರುತ್ತಿದ್ದಳು.

ಗಂಡ ಬೆಸದ ಸುದ್ದಿ ತಂದಾಗ ಅವಳ ಲೆಕ್ಕ ಆಗಲೇ ಮುಗಿದಿತ್ತು. ಗಂಡನೂ ಬುಗುರಿಯೂ ಒಂದು ಸಾಲು. ತಾನೂ ಕಡ್ಡಿಯೂ ಒಂದು ಸಾಲು. ಅತ್ತೆ, ಚೀಲ.

"ನನ್ನ ಕಡೆ ಯಾಕಮ್ಮಾ ನೋಡ್ತಿದ್ದೀಯ?" ಎಂದರು ಅತ್ತೆ.

"ನೋಡ್ಲಿಲ್ಲ ಅತ್ತೆ."

"ಚೀಲ ಅಂದ ತಕ್ಷಣ ತಿರುಗಿದೆ. ನಾನೂ ದುಡ್ಡು ಕೊಟ್ಟು ಬರೋಳು. ನಾನೂ ಹತ್ತೋಳೇ."

ಅಲ್ಲಿಗೆ ಆ ಲೆಕ್ಕ ಮುರಿಯಿತು. ಹೊಸಬಳಿಗೆ ಅಂದಿನಿಂದ ಕೂತಲ್ಲಿ ಕೂರಲಾಗದ, ನಿಂತಲ್ಲಿ ನಿಲ್ಲಲಾಗದ ಕಾಯಿಲೆ ಹತ್ತಿಕೊಂಡಿತು. ತರಕಾರಿ ಹೆಚ್ಚುತ್ತ ಚೂರುಗಳನ್ನು ಎರಡೆರಡಾಗಿ ಜೋಡಿಸಿ ನೋಡುವಳು. ಕಿಟಕಿಯಲ್ಲಿ ಗಿರಾಕಿ ಬಂದು ನಿಂತಿದ್ದರೂ ಫೋನಿನಲ್ಲಿ ಪಾರ್ಕಿನ ನಕ್ಷೆ ತೆಗೆದು, ಮೂರು ಜನ ಕೂರುವ ಗಾಡಿ ಒಂದಾದರೂ ಇದೆಯೇ ಎಂದು ಹುಡುಕುವಳು. ಒಂದಿತ್ತು. ಬಾತುಕೋಳಿಯ ಆಕಾರದ್ದು, ಮೂರು ವರ್ಷದೊಳಗಿನ ಮಕ್ಕಳಿಗೆ.

ಅಷ್ಟರಲ್ಲಿ ಗಂಡ ತನ್ನ ಪಾಡಿಗೆ ತಾನು ಸಮಸ್ಯೆ ಬಿಡಿಸಿಬಿಟ್ಟ. ಊಟದ ಹೊತ್ತಿಗೆ, ಸ್ಟಾಕಿನಲ್ಲಿಲ್ಲದ ಅಳತೆ ಗೋದಾಮಿನಲ್ಲಿ ಸಿಕ್ಕವನ ಸಂತೋಷದಲ್ಲಿ, ಹೇಳಿದ:

"ಆರಾಯ್ತು. ಕಡ್ಡಿ ಮಾವಂಗೆ ಫೋನ್ ಮಾಡಿದ್ದೆ. ಬರ್ತೀನಿ ಅಂದ."

ಕಡ್ಡಿಯ ಸೋದರಮಾವ, ಅಂದರೆ ತೀರಿಕೊಂಡ ಹೆಂಡತಿಯ ತಮ್ಮ, ಭಾವನ ಎರಡನೆಯ ಮದುವೆಯಾದ ಮೇಲೆ ಈ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ಸಿಟ್ಟೆಂದಲ್ಲ, ಏನು ಮುಖ ಇಟ್ಟುಕೊಂಡು ಬರಬೇಕೆಂದು ತಿಳಿಯದೆ. ಅಂಥವನನ್ನು ಸೀಟು ತುಂಬಿಸಲು ಕರೆಯಬೇಕಾದರೆ ಮನುಷ್ಯ ಜೋಡಿನ ವ್ಯಾಪಾರದಲ್ಲಿ ತಲೆಕೂದಲು ಹಣ್ಣು ಮಾಡಿಕೊಂಡಿರಬೇಕು. ಯಜಮಾನನಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಐದಿದ್ದದ್ದು ಆರಾಗಿತ್ತು.

"ಮಾವ ಬರ್ತಾರಾ? ನಿಜವಾಗ್ಲೂ? ಎರಡು ದಿನಾನೂ ಇರ್ತಾರಾ?" ಎಂದಳು ಕಡ್ಡಿ. ಆ ವಾರದಲ್ಲಿ ಅವಳು ಆಡಿದ ಅತಿ ಉದ್ದದ ಮಾತು ಅದು.

"ಇರ್ತಾನೆ. ನೀನೂ ಅವನೂ ಒಂದು ಸಾಲು. ನಾನೂ ಬುಗುರೀನೂ. ಇವಳೂ ಅಮ್ಮಾನೂ."

ಅತ್ತೆ ಸೊಸೆಯರು ಒಬ್ಬರನ್ನೊಬ್ಬರು ನೋಡಿದರು. ಒಂದೇ ಸರಳಿನ ಕೆಳಗೆ ತಾವಿಬ್ಬರೂ ಸಿಕ್ಕಿಕೊಂಡಿರುವ ಚಿತ್ರ ಇಬ್ಬರ ಕಣ್ಣಿಗೂ ಒಟ್ಟಿಗೇ ಕಟ್ಟಿರಬೇಕು. ಇಬ್ಬರೂ ಒಟ್ಟಿಗೇ ನೀರಿನ ಲೋಟಕ್ಕೆ ಕೈ ಹಾಕಿದರು.

ಮರುದಿನ ಮಾವನ ಫೋನು ಬಂತು. ಅವನ ಹೆಂಡತಿಯೂ ಬರುತ್ತಾಳಂತೆ. "ನನ್ನ ಬಿಟ್ಟು ಹೋದ್ರೆ ವಾಪಸ್ ಬರೋ ಹೊತ್ತಿಗೆ ಬಾಗಿಲಿಗೆ ಬೇರೆ ಬೀಗ ಇರುತ್ತೆ" ಎಂದಿದ್ದಾಳಂತೆ. ಏಳಾಯಿತು. ಯಜಮಾನ ಅಂಗಡಿಯಲ್ಲಿ ಗಿರಾಕಿಯ ಕಾಲಿಗೆ ಎರಡೂ ಎಡಗಾಲಿನವನ್ನೇ ತೊಡಿಸಿ ನಿಲ್ಲಿಸಿದ.

ಏಳನ್ನು ಆರು ಮಾಡಿದವರು ಅತ್ತೆ. ಬುಗುರಿ ಅವರಿಗೆ 'ಪಾತಾಳ' ಎಂಬ ಗಾಡಿಯ ವಿಡಿಯೋ ತೋರಿಸಿದ್ದ. ಅದು ತಲೆಕೆಳಗಾಗಿ ಒಂದು ಕ್ಷಣ ನಿಂತು, ಯೋಚನೆ ಮಾಡಿ, ಆಮೇಲೆ ಬೀಳುತ್ತಿತ್ತು. ಅತ್ತೆ ಪೂರ್ತಿ ನೋಡಿ ಕನ್ನಡಕ ತೆಗೆದಿಟ್ಟರು.

"ನಾನು ಕೆಳಗೇ ಇರ್ತೀನಪ್ಪ. ಅಲ್ಲಿ ತಲೆಕೆಳಗಾದಾಗ ಹಲ್ಲಿನ ಸೆಟ್ಟು ಜಾರಿ ಯಾರ ಮಡಿಲಿಗೋ ಬಿದ್ರೆ, ಹೋಗಿ ಯಾವ ಬಾಯಲ್ಲಿ ಕೇಳಲಿ?"

ಮತ್ತೆ ಸಮ. ಆದರೆ ಈಗಿನ ಸಮದಲ್ಲಿ ಹೊಸಬಳ ಪಕ್ಕ ಬಂದದ್ದು ಮಾವನ ಹೆಂಡತಿ. ಕಡ್ಡಿ ಮಾವನ ಪಕ್ಕದಲ್ಲೇ ಭದ್ರವಾಗಿದ್ದಳು. ಒಂದೇ ಒಂದು ಕುರ್ಚಿ ಆ ಕಡೆ ಸರೀತೀರಾ ಎಂದು ಕೇಳಲು ಇದು ನಾಟಕದ ಹಾಲಲ್ಲ. ತಾಯಿಯ ತಮ್ಮನನ್ನು ಸರಿಸಿ ಆ ಜಾಗದಲ್ಲಿ ತಾನು ಕೂರುವುದೆಂದರೆ, ನೋಡಿದವರು ಆಡಿಕೊಳ್ಳುವುದಿರಲಿ, ಯೋಚಿಸಿದಾಗಲೇ ಅವಳಿಗೆ ನಾಚಿಕೆಯಾಗುತ್ತಿತ್ತು.

ಹೊರಡುವ ದಿನ ಗೊತ್ತು ಮಾಡಲೆಂದು ಭಾನುವಾರ ಮಾವ, ಅತ್ತೆ ಬಂದರು. ಕಡ್ಡಿಗೆ ಅತ್ತೆಯಾಗಬೇಕಾದ ಆ ಹೆಂಗಸು ದಪ್ಪನೆಯ, ನಿಧಾನದ, ಯಾವುದಕ್ಕೂ ಬೆದರದ ಆಳು. ಮನೆಯಲ್ಲಿ ಇಬ್ಬರು ಅತ್ತೆಯರಾದರೆ ಗೊಂದಲವೆಂದು ಎಲ್ಲರೂ ಅವಳನ್ನು ಮಾಮಿ ಎಂದರು. ಮಾವ ಡ್ರೈವಿಂಗ್ ಕಲಿಸುವವನು. ಕಲಿಯುವವರ ಪಕ್ಕದ ಸೀಟಿನಲ್ಲಿ, ತನ್ನ ಕಾಲ ಕೆಳಗೂ ಒಂದು ಬ್ರೇಕು ಇಟ್ಟುಕೊಂಡು ಅರ್ಧ ಆಯಸ್ಸು ಕಳೆದವನು. ಸೋಫಾದಲ್ಲಿ ಕೂತರೂ ಅವನ ಬಲಗಾಲು ಸುಮ್ಮನಿರುತ್ತಿರಲಿಲ್ಲ. ಬುಗುರಿ ಎದುರಿನಿಂದ ಓಡಿ ಬಂದಾಗಲೆಲ್ಲ ಆ ಕಾಲು ನೆಲವನ್ನು ಒತ್ತುತ್ತಿತ್ತು. ಹೊಸಬಳನ್ನು ಏನೆಂದು ಕರೆಯುವುದೆಂದು ತಿಳಿಯದೆ, ಕೊನೆಗೆ ಕಸುಬಿನ ಮಾತನ್ನೇ ಹಿಡಿದು, "ಚೆನ್ನಾಗಿದ್ದೀರಾ ಮೇಡಂ?" ಎಂದ. ಅವಳು ಚೆನ್ನಾಗಿದ್ದೇನೆಂದಳು. ಅಲ್ಲಿಗೆ ಇಬ್ಬರ ಬಂಡವಾಳವೂ ಮುಗಿಯಿತು.

ಮುಂದಿನ ಮಾತು ಬುಗುರಿಯದು. "ಮನೇಲೇ ಒಂದು ಸಲ ಹತ್ತಿ ನೋಡೋಣ" ಎಂದ. ಕೂಸು ಹುಟ್ಟುವ ಮುನ್ನ ಕುಲಾವಿ ಎಂದು ಅಜ್ಜಿ ಗೊಣಗಿದರೂ ಯಜಮಾನನಿಗೆ ಅದು ಹಿಡಿಸಿತು. ಊಟದ ಮೇಜಿನ ಕುರ್ಚಿಗಳು, ಅಂಗಡಿಯಿಂದ ತಂದಿದ್ದ ಕಾಲು ಅಳತೆ ತೆಗೆಯುವ ಎರಡು ಸ್ಟೂಲು, ಎಲ್ಲವನ್ನೂ ಟೀವಿಯ ಮುಂದೆ ಎರಡೆರಡರಂತೆ ಸಾಲಾಗಿ ಇಡಲಾಯಿತು. ಟೀವಿಯಲ್ಲಿ 'ಪಾತಾಳ'ದ ಮುಂದಿನ ಸೀಟಿನಿಂದ ಯಾರೋ ತೆಗೆದ ವಿಡಿಯೋ. ಎದುರಿಗೆ ಹಳಿ ಮಾತ್ರ, ಹಳಿಯ ಆಚೆ ಆಕಾಶ.

"ಮುಂದಿನ ಸಾಲು ಕಡ್ಡಿ, ಮಾವ" ಎಂದು ಯಜಮಾನ ಕೂಗಿದ. "ನಡುವೆ ನಾನು, ಬುಗುರಿ. ಕೊನೇಲಿ ನೀವಿಬ್ಬರು."

"ನಾನು ಗಾಡಿ ಬಿಡೋನು, ಕೂರಲ್ಲ" ಎಂದ ಬುಗುರಿ.

"ನೀನು ಕೂರದಿದ್ರೆ ನಾನು ಒಬ್ಬನೇ ಆಗ್ತೀನೋ."

"ಅಯ್ಯೋ, ಐದು ನಿಮಿಷ ಒಬ್ಬನೇ ಕೂತ್ರೆ ಕರಗಿ ಹೋಗಲ್ಲ, ಕೂತ್ಕೋ" ಎಂದರು ತಾಯಿ, ಸೋಫಾದ ಮೇಲೆ ಎಲ್ಲರ ಫೋನು, ಕನ್ನಡಕಗಳನ್ನು ಮಡಿಲಲ್ಲಿಟ್ಟುಕೊಂಡು. ಅವರು ತಮ್ಮ ಪಾತ್ರವನ್ನು ಆಗಲೇ ನಿಷ್ಠೆಯಿಂದ ಆಡುತ್ತಿದ್ದರು.

ಗಾಡಿ ಹೊರಟಿತು. ಬುಗುರಿ ಹಿಂದಿನಿಂದ ಕುರ್ಚಿಗಳನ್ನು ಅಲುಗಿಸುತ್ತ ಟಕ ಟಕ ಟಕ ಎಂದು ಬಾಯಲ್ಲಿ ಸದ್ದು ಮಾಡಿದ. ಟೀವಿಯಲ್ಲಿ ಹಳಿ ಮೇಲೆ ಮೇಲೆ ಹೋಯಿತು. ಕೊನೆಯ ಸಾಲಿನ ಹೊಸಬಳಿಗೆ ಕಂಡದ್ದು ಹಳಿಯಲ್ಲ, ಕಡ್ಡಿಯ ಕುತ್ತಿಗೆ. ಕೂದಲು ಎತ್ತಿ ಕಟ್ಟಿದ, ಸಣ್ಣ, ಬಿಗಿದ ಕುತ್ತಿಗೆ. ಆ ಹುಡುಗಿ ಹಗುರಾಗಿ ನಗುತ್ತಿರಬಹುದೇ ಎಂದು ನೋಡಲು ಅವಳು ಪಕ್ಕಕ್ಕೆ ಬಾಗಿದಳು.

"ನೇರ ಕೂತ್ಕೊಳ್ರೀ, ಬಿದ್ದು ಗಿದ್ದು ಹೋದೀರ" ಎಂದಳು ಮಾಮಿ. ಅವಳು ಸ್ಟೂಲನ್ನು ಎರಡೂ ಕೈಯಲ್ಲಿ ಹಿಡಿದು, ಮುಖದ ತುಂಬ ಬೆಳಕು ಮಾಡಿಕೊಂಡು, ನಿಜವಾಗಿಯೇ ಹತ್ತಿದವಳಂತೆ ಕೂತಿದ್ದಳು.

ತುದಿ ಬಂತು. ಹಳಿ ಕಣ್ಮರೆಯಾಯಿತು. ಮಾವನ ಬಲಗಾಲು ನೆಲಕ್ಕೆ ಧಪ್ಪೆಂದು ಬಿತ್ತು. ಇನ್ನೊಮ್ಮೆ ಬಿತ್ತು. ಟೀವಿಯ ಗಾಡಿ ಅದನ್ನು ಲೆಕ್ಕಿಸದೆ ಪಾತಾಳಕ್ಕೆ ಇಳಿಯಿತು. ಮೂರನೆಯ ಸಲ ಆತ ಎರಡೂ ಕಾಲಿನಿಂದ ಒತ್ತಿದ. ಕುರ್ಚಿ ಹಿಂದಕ್ಕೆ ವಾಲಿ ಮಾವ ಭಾವನ ತೊಡೆಯ ಮೇಲೆ ಬಂದು ಬಿದ್ದ. ಎದ್ದು ನಿಂತಾಗ ಅವನ ಹಣೆ ಒದ್ದೆಯಾಗಿತ್ತು.

"ಅದನ್ನ ಯಾರು ಓಡಿಸ್ತಾರೆ?" ಎಂದ.

"ಯಾರೂ ಓಡಿಸಲ್ಲ ಮಾವ, ಅದೇ ಓಡುತ್ತೆ" ಎಂದ ಬುಗುರಿ.

"ಬ್ರೇಕ್ ಯಾರ ಹತ್ರ ಇರುತ್ತೆ?"

"ಯಾರ ಹತ್ರಾನೂ ಇರಲ್ಲ."

ಮಾವ ಕರವಸ್ತ್ರದಿಂದ ಮುಖ ಒರೆಸಿಕೊಂಡ. "ಬರ್ತೀನಿ ಭಾವ. ಬರ್ತೀನಿ ಅಂದಿದ್ದೀನಿ, ಬಂದೇ ಬರ್ತೀನಿ. ಆದ್ರೆ ಹತ್ತಲ್ಲ. ಯಾರೂ ಓಡಿಸದೇ ಇರೋ ಗಾಡೀಲಿ ನಾನು ಕೂರೋದು ಹೆಂಗೆ?"

"ಇವರನ್ನ ನಂಬಿ ಊರಿನ ಹೆಣ್ಣುಮಕ್ಕಳೆಲ್ಲ ಹೈವೇಗೆ ಹೋಗ್ತಾರೆ" ಎಂದಳು ಮಾಮಿ. "ನಾನಂತೂ ಎಲ್ಲಾನೂ ಹತ್ತೋಳು. ಇವರ ಪಕ್ಕ ಕೂತೂ ಕೂತೂ ಸಾಕಾಗಿದೆ. ಮನೇಲಿ ಅಡಿಗೆ ಮಾಡ್ತಾ ತಿರುಗಿದ್ರೂ ಕನ್ನಡಿ ನೋಡಿ ತಿರುಗು ಅಂತಾರೆ."

ನಕ್ಕರು. ನಗು ನಿಂತಾಗ ಎಲ್ಲರಿಗೂ ಕಂಡದ್ದು ಮುಂದಿನ ಸಾಲು. ಕಡ್ಡಿ ಕೂತಿದ್ದಳು. ಅವಳ ಪಕ್ಕದ ಕುರ್ಚಿ ಖಾಲಿಯಿತ್ತು.

ಹೊಸಬಳ ಕಾಲಿಗೆ ತಲೆಗಿಂತ ಮೊದಲು ಗೊತ್ತಾಯಿತು. ಅವಳು ಅರ್ಧ ಎದ್ದಿದ್ದಳು. ಒಂದು ಕೈ ಆಗಲೇ ನಡುವಿನ ಸಾಲಿನ ಕುರ್ಚಿಯ ಬೆನ್ನಿನ ಮೇಲಿತ್ತು. ಪೂರ್ತಿ ಏಳುವ ಮೊದಲು ಕಡ್ಡಿ ತಿರುಗಿ ಅದನ್ನು ಕಂಡಳು. ಕಂಡು, ಅಪ್ಪನ ಕಡೆಗೆ ಮುಖ ಮಾಡಿ ಹೇಳಿದಳು:

"ನಾನು ಒಂಟಿ ಸಾಲಿಗೆ ಹೋಗ್ತೀನಿ."

"ಯಾವ ಒಂಟಿ ಸಾಲು?"

"ಅಲ್ಲಿ ಇದೆ. ಒಬ್ಬೊಬ್ಬರೇ ಬಂದೋರಿಗೆ ಬೇರೆ ಸಾಲು. ಯಾವ ಗಾಡೀಲಿ ಒಂದು ಸೀಟು ಖಾಲಿ ಉಳಿದಿರುತ್ತೋ ಅಲ್ಲಿ ಕೂರಿಸ್ತಾರೆ. ಬೇಗಾನೂ ಆಗುತ್ತೆ. ನನ್ನ ವಯಸ್ಸಿಗೆ ಬಿಡ್ತಾರೆ, ಓದಿದ್ದೀನಿ."

ಯಜಮಾನ ಬೆರಳು ಮಡಚಿದ. ತಾನು, ಬುಗುರಿ. ಹೊಸಬಳು, ಮಾಮಿ. ಕೆಳಗೆ ತಾಯಿ, ಮಾವ, ಚೀಲ. ಮಗಳಿಗೆ ಪಾರ್ಕಿನವರೇ ಜೋಡಿ ಹುಡುಕಿ ಕೊಡುತ್ತಾರೆ. ಅಂಗಡಿಯ ಡಬ್ಬಿಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ ಕೂತಂತೆ ಅವನ ಮುಖ ತಣ್ಣಗಾಯಿತು. "ಭೇಷ್. ಸರಿಹೋಯ್ತು ನೋಡಿ" ಎಂದ. ಮಾವ ಸರಿಯೆಂದ, ಮಾಮಿ ಸರಿಯೆಂದಳು. ಕಡ್ಡಿ ಎದ್ದು, ಮಹಡಿಯ ಮೇಲೆ ಒಣಹಾಕಿದ ಬಟ್ಟೆ ತರುತ್ತೇನೆಂದು ಹೊರಟುಹೋದಳು. ಅವಳಿಗೆ ಯಾರೂ ಬಟ್ಟೆ ತರಲು ಹೇಳಿರಲಿಲ್ಲ.

ಹೊಸಬಳು ಕುರ್ಚಿಗಳನ್ನು ಊಟದ ಮೇಜಿಗೆ ಎಳೆದಳು. ಒಂದನ್ನು ಎಳೆದು, ಮತ್ತೆ ಈಚೆಗೆ ತಂದು, ಮತ್ತೆ ಆಚೆಗಿಟ್ಟಳು. ಕಾಫಿಗೆ ನೀರಿಟ್ಟು, ಒಲೆ ಹಚ್ಚುವುದನ್ನು ಮರೆತಳು. ಹಚ್ಚಿ, ಆರಿಸಿದಳು. ಲೆಕ್ಕ ಇಷ್ಟು ಚೆನ್ನಾಗಿ ಎಂದೂ ಕೂಡಿಬಂದಿರಲಿಲ್ಲ. ಬಾಯಿ ಮುಚ್ಚಿಕೊಂಡು ಒಪ್ಪಿಕೊಂಡರೆ ಎಲ್ಲರಿಗೂ ಸುಖ. ಊರಿನವರ ಪಕ್ಕವಾದರೂ ಕೂತೇನು, ನಿನ್ನ ಪಕ್ಕ ಬೇಡ ಎಂದು ಆ ಹುಡುಗಿ ಎಲ್ಲರೆದುರು ಹೇಳಿದ್ದಾಳೆ, ಅದೂ ಎಷ್ಟು ಮರ್ಯಾದೆಯಿಂದ. ಅಷ್ಟು ಮರ್ಯಾದೆಯಾಗಿ ಹೇಳಿದ್ದಕ್ಕೆ ಸಿಟ್ಟು ಮಾಡಿಕೊಳ್ಳುವುದಾದರೂ ಹೇಗೆ?

ಅವಳು ಮಹಡಿಗೆ ಹೋದಳು.

ಕಡ್ಡಿ ತಂತಿಯಿಂದ ಕ್ಲಿಪ್ಪುಗಳನ್ನು ತೆಗೆದು ಒಂದೊಂದಾಗಿ ತನ್ನ ಅಂಗಿಯ ಅಂಚಿಗೇ ಸಿಕ್ಕಿಸಿಕೊಳ್ಳುತ್ತಿದ್ದಳು. ಬಟ್ಟೆ ಇನ್ನೂ ಹಸಿಯಿತ್ತು. ಇಬ್ಬರಿಗೂ ಅದು ಗೊತ್ತಿತ್ತು. ಹೊಸಬಳು ತಂತಿಯ ಇನ್ನೊಂದು ತುದಿಯಿಂದ ಶುರು ಮಾಡಿದಳು.

"ಆ ಒಂಟಿ ಸಾಲಲ್ಲಿ" ಎಂದಳು, "ಯಾರ ಪಕ್ಕ ಕೂರಿಸ್ತಾರೆ ಅಂತ ಮೊದಲೇ ಗೊತ್ತಾಗುತ್ತಾ?"

"ಇಲ್ಲ."

"ಗುರುತು ಪರಿಚಯ ಇಲ್ಲದೋರ ಪಕ್ಕ."

"ಹೂಂ."

"ಪರವಾಗಿಲ್ವಾ ಅದು?"

"ಅದಕ್ಕೇ ಹೋಗ್ತಿರೋದು."

ಒಂದು ದುಪ್ಪಟಿ ನಡುವೆ ತೂಗುತ್ತಿತ್ತು. ಅದರಾಚೆಯಿಂದ ಕಡ್ಡಿಯ ಕಾಲುಗಳು ಮಾತ್ರ ಕಾಣುತ್ತಿದ್ದವು. ಆ ಕಡೆಯಿಂದ ಮಾತು ತಾನಾಗಿ ಬಂತು. ಮುಖ ಕಾಣದ್ದರಿಂದಲೋ ಏನೋ, ತುಂಡು ತುಂಡಾಗಿ ಅಲ್ಲ, ಉದ್ದವಾಗಿಯೇ ಬಂತು.

"ಗೊತ್ತಿರೋರು ಮುಖ ನೋಡ್ತಾರೆ. ಊಟ ಮಾಡ್ತಿದ್ರೆ ಅಜ್ಜಿ ನೋಡ್ತಾಳೆ. ಅಪ್ಪ ನೋಡಿಬಿಟ್ಟು ನೋಡಿಲ್ಲ ಅನ್ನೋ ಹಾಗೆ ಪೇಪರ್ ತಗೋತಾನೆ. ಮಾವ ಈಗ ಬಂದಾಗಿಂದ ಮೂಗು ಅಮ್ಮಂದೇ, ಹುಬ್ಬು ಅಮ್ಮಂದೇ ಅಂತಿದ್ದಾರೆ. ಖುಷಿಯಾಗಿದ್ದಾಳಾ, ಬೇಜಾರಲ್ಲಿದ್ದಾಳಾ, ಎಲ್ಲರಿಗೂ ಅದೇ ಕೆಲಸ. ನಾನು ಸುಮ್ನೆ ಒಂದು ಆಕಳಿಸಿದ್ರೂ ಯಾಕೆ ಅಂತಾರೆ. ನೀವಂತೂ..."

"ನಾನು?"

"ನೀವು ಬೆನ್ನು ಹಾಕಿದ್ರೂ ನೋಡ್ತೀರ."

ಹೊಸಬಳು ಕೈಯಲ್ಲಿದ್ದ ಬುಗುರಿಯ ಚಡ್ಡಿಯನ್ನು ಬಹಳ ಗಮನವಿಟ್ಟು ನೋಡಿದಳು.

"ಅಲ್ಲಿ ನಾನು ಕಿರುಚ್ಕೋಬೇಕು. ಜೋರಾಗಿ. ಅಳು ಬಂದ್ರೆ ಅಳಬೇಕು. ಅಲ್ಲಿ ಎಲ್ಲರೂ ಕಿರುಚ್ತಾರೆ, ಯಾರಿಗೂ ಗೊತ್ತಾಗಲ್ಲ. ಪಕ್ಕ ಇರೋರು ಇಳಿದು ಅವರ ದಾರಿ ಅವರು ನೋಡ್ಕೋತಾರೆ. ನಮ್ಮೋರು ಪಕ್ಕ ಇದ್ರೆ ಇಳಿದ ತಕ್ಷಣ ಭಯ ಆಯ್ತಾ, ಯಾಕೆ ಅಳ್ತಿದ್ದೆ, ನನ್ನ ಕೈ ಹಿಡ್ಕೊಂಡಿದ್ದೆ ಅಲ್ವಾ ಅಂತ ಮನೆಗೆ ಬರೋವರೆಗೂ ಕೇಳ್ತಾನೇ ಇರ್ತಾರೆ."

'ಯಾಕೆ ಅಳಬೇಕು ಮಗೂ' ಎಂಬ ಮಾತು ಹೊಸಬಳ ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು. ಅದನ್ನು ಅವಳು ನುಂಗಿದಳು. ಆಗ ಅವಳಿಗೆ ಅನ್ನಿಸಿತು: ಈ ಮನೆಗೆ ಬಂದಂದಿನಿಂದ ತಾನು ಒಂದು ಸಲವೂ ಗಟ್ಟಿಯಾಗಿ ಸೀನಿಲ್ಲ.

"ನಾನೂ ಆ ಸಾಲಿಗೆ ಬಂದ್ರೆ?" ಎಂದಳು.

ದುಪ್ಪಟಿಯ ಆಚೆ ಕ್ಲಿಪ್ಪುಗಳ ಸದ್ದು ನಿಂತಿತು.

"ನಿಮ್ಮನ್ನ ಬೇರೆ ಎಲ್ಲೋ ಕೂರಿಸ್ತಾರೆ."

"ಕೂರಿಸಲಿ. ನನಗೂ ಸ್ವಲ್ಪ ಕಿರುಚೋದಿದೆ."

"ಯಾಕೆ?" ಎಂದಳು ಕಡ್ಡಿ. ಎಂದವಳು ತಕ್ಷಣ, "ಸರಿ, ಕೇಳಲ್ಲ" ಎಂದಳು.

"ನಾನೂ ಕೇಳಲ್ಲ."

"ಇಳಿದ ಮೇಲೂ?"

"ಮನೆಗೆ ಬಂದ ಮೇಲೂ."

ಕಡ್ಡಿ ಯೋಚಿಸಿದಳು. ದುಪ್ಪಟಿಯ ಕೆಳಗೆ ಕಾಣುತ್ತಿದ್ದ ಒಂದು ಕಾಲು ಇನ್ನೊಂದರ ಮೇಲೆ ಉಜ್ಜಿತು.

"ಸಾಲಲ್ಲಿ ನನ್ನ ಹಿಂದೆ ನಿಂತ್ಕೊಳ್ಳಿ. ಮುಂದೆ ನಿಂತ್ರೆ ತಿರುಗಿ ತಿರುಗಿ ನೋಡ್ತೀರ."

"ಆಯ್ತು."

"ಮಾತಾಡಬಹುದು. ನೋಡ್ಕೊಂಡು ಮಾತಾಡೋದು ಬೇಡ, ಅಷ್ಟೇ."

ಇಬ್ಬರೂ ಹಸಿ ಬಟ್ಟೆಯನ್ನು ಮತ್ತೆ ತಂತಿಗೆ ಹಾಕಿ ಬರಿಗೈಯಲ್ಲಿ ಕೆಳಗೆ ಬಂದರು.

ಹೊಸಬಳ ಮಾತು ಕೇಳಿ ಯಜಮಾನ ಮತ್ತೆ ಬೆರಳು ಮಡಚಿದ. ಹೆಂಡತಿ ಆಚೆ ಹೋದರೆ ಉಳಿದದ್ದು ತಾನು, ಬುಗುರಿ, ಮಾಮಿ. ಮೂರು. ಅವನು ತಲೆಯ ಮೇಲೆ ಕೈ ಹೊತ್ತ.

"ಈಗಷ್ಟೇ ಸರಿಹೋಗಿತ್ತಲ್ಲೇ. ಮತ್ತೆ ಬೆಸ ಮಾಡಿದೆಯಲ್ಲ."

"ಅಳಬೇಡ, ನಾನು ಹತ್ತುತ್ತೀನಿ" ಎಂದರು ತಾಯಿ. "ಹಲ್ಲು ತೆಗೆದು ಚೀಲಕ್ಕೆ ಹಾಕಿದ್ರಾಯ್ತು. ಚೀಲ ಇವನು ಹಿಡ್ಕೋತಾನೆ. ಏನಪ್ಪಾ, ಹಲ್ಲಿಗೂ ಬ್ರೇಕ್ ಬೇಕಾ?"

"ಜೋಪಾನವಾಗಿ ಹಿಡ್ಕೋತೀನಮ್ಮ" ಎಂದ ಮಾವ, ಬಹಳ ಸಮಾಧಾನದಿಂದ.

ನಾಲ್ಕಾಯಿತು. ಯಜಮಾನ ಉಸಿರು ಬಿಟ್ಟ. ಬಿಟ್ಟವನಿಗೆ ತಟ್ಟನೆ ಇನ್ನೊಂದು ಹೊಳೆಯಿತು. ಇಷ್ಟು ದಿನ ಕಣ್ಣೆದುರೇ ಇದ್ದು ಕಾಣದ ಡಬ್ಬಿ ಕಂಡವನಂತೆ ಅವನು ಹೆಂಡತಿಯನ್ನೂ ಮಗಳನ್ನೂ ಬೆರಳಿಟ್ಟು ತೋರಿಸಿದ.

"ಅಲ್ಲ, ತಡೀರಿ. ನೀವಿಬ್ಬರು. ಇಬ್ಬರೂ ಒಂಟಿ ಸಾಲಿಗೆ ಹೋಗೋದು ಯಾಕೆ? ಇಬ್ಬರಾದ್ರಲ್ಲ. ಒಟ್ಟಿಗೇ ಕೂತ್ಕೊಳ್ಳಿ. ಕಡ್ಡೀ, ಇವಳ ಪಕ್ಕ ಕೂತ್ಕೊಂಡ್ರೆ ಆಯ್ತಪ್ಪ, ಮುಗೀತು."

ಎರಡು ತಿಂಗಳಿಂದ ಹೊಸಬಳು ಬಯಸಿದ್ದು ಅದೊಂದನ್ನೇ. ತರಕಾರಿಯ ಚೂರಿನಲ್ಲಿ, ಪಾರ್ಕಿನ ನಕ್ಷೆಯಲ್ಲಿ, ಅರ್ಧ ಎದ್ದ ಕುರ್ಚಿಯಲ್ಲಿ ಹುಡುಕಿದ ಸೀಟನ್ನು ಗಂಡ ಎಲ್ಲರೆದುರು ಎತ್ತಿ ಕೊಟ್ಟುಬಿಟ್ಟಿದ್ದ. ಅಪ್ಪ ಹೇಳಿದರೆ ಕಡ್ಡಿ ಇಲ್ಲವೆನ್ನುವವಳಲ್ಲ. ಬಂದು ಕೂರುತ್ತಾಳೆ. ಸರಳು ಇಳಿಯುತ್ತದೆ. ಇಡೀ ದಾರಿ ತುಟಿ ಬಿಗಿದುಕೊಂಡು, ಮುಖ ಸರಿ ಮಾಡಿಕೊಂಡು ಕೂತಿರುತ್ತಾಳೆ.

"ಬೇಡಾರೀ" ಎಂದಳು ಹೊಸಬಳು. "ನಾವು ಬೇರೆ ಬೇರೆ ಕೂತ್ಕೋತೀವಿ."

"ಯಾಕೆ?"

"ಯಾಕೆ ಅಂತ ಕೇಳಂಗಿಲ್ಲ" ಎಂದಳು ಕಡ್ಡಿ.

ಯಜಮಾನ ಒಬ್ಬರಾದ ಮೇಲೊಬ್ಬರನ್ನು ನೋಡಿದ. ಎರಡಿದ್ದೂ ಜೋಡಿಯಾಗಲೊಲ್ಲೆ ಎನ್ನುವ ಸರಕು ಅವನ ಅಂಗಡಿಗೆ ಇದುವರೆಗೆ ಬಂದಿರಲಿಲ್ಲ. ತಾಯಿಯ ಕಣ್ಣು ಕಂಡು, ಮಡಚಿದ್ದ ಬೆರಳು ಬಿಚ್ಚಿದ. ಮಾಮಿ ಒಲೆ ಹಚ್ಚಲು ಎದ್ದಳು. ಬುಗುರಿ ಟೀವಿಯ ಗಾಡಿಯನ್ನು ಮತ್ತೆ ಮೊದಲಿನಿಂದ ಬಿಟ್ಟ.

ಕಡ್ಡಿ ಮೇಜಿನ ತುದಿಯಲ್ಲಿ ಕೂತು ಅಂಗಿಯಂಚಿನ ಕ್ಲಿಪ್ಪುಗಳನ್ನು ಬಿಚ್ಚುತ್ತಿದ್ದಳು. ತಲೆಯೆತ್ತದೆ, ಯಾರಿಗೆಂದೂ ಅಲ್ಲದೆ ಹೇಳಿದಳು:

"ಆದ್ರೆ ಆ ಸಾಲು ತುಂಬ ಬೇಗ ಹೋಗುತ್ತಂತೆ. ಹಾಗಂತ ಬರೆದಿದ್ದಾರೆ. ನಿಂತು ನಾಲ್ಕು ಮಾತಾಡೋಕೂ ಹೊತ್ತಿರಲ್ಲ."

"ಬರೀತಾರೆ" ಎಂದಳು ಹೊಸಬಳು, ಅವಳ ಕಡೆ ನೋಡದೆ. "ನಾವೂ ಕಿಟಕಿ ಮೇಲೆ ಏನೇನೋ ಬರೆದಿರ್ತೀವಿ. ರಜೆ ದಿನ ಅಲ್ವಾ, ಒಂದು ಗಂಟೆಯಾದ್ರೂ ಹಿಡಿಯುತ್ತೆ."